ಬಾಯಿಯಿಲ್ಲದ ಬೆಳ್ಳಿ

ಊಟದ ಎಲೆಯ ಮುಂದೆ ಕೂತಾಗ ನಾನು ‘ಸಾಕು’ ಎನ್ನುವುದಿಲ್ಲ. ಬಡಿಸುವವರು ಹತ್ತಿರ ಬಂದರೆ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿಯುತ್ತೇನೆ, ಅಷ್ಟೆ. ಹಾಗೆ ಹಿಡಿದ ಕೈಯ ಮೇಲೆ ಬಿಸಿ ಸಾರು ಬಿದ್ದದ್ದೂ ಉಂಟು. ಮೊನ್ನೆ ಒಂದು ಮದುವೆಯಲ್ಲಿ ಪಾಯಸದ ಸರದಿ ಬಂದಾಗ ಹೀಗೇ ಆಯಿತು. ಬಳೆಯಿಂದ ಮೊಣಕೈವರೆಗೆ ಪಾಯಸ ಇಳಿಸಿಕೊಂಡು ಕೂತ ನನ್ನನ್ನು ಕಂಡು ಪಕ್ಕದಲ್ಲಿದ್ದ ಮೊಮ್ಮಗಳು, ‘ಒಂದು ಸಾಕು ಅಂತ ಹೇಳಿದ್ರೆ ಮುಗೀತಿತ್ತಲ್ಲ ಅಜ್ಜಿ, ನಿಮಗೆ ಬಾಯಿ ಇಲ್ವಾ?’ ಎಂದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿ ಸವೆದ ಬಾಯಿ ಇದು, ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಬಾಯಿಯಿಲ್ಲದವಳು ಎಂದ ಕೂಡಲೇ ನನಗೆ ಬೆಳ್ಳಿಯ ನೆನಪಾಯಿತು.

ಬೆಳ್ಳಿ ಒಂದು ಗೊಂಬೆ. ಗೇಣುದ್ದದ ಕಪ್ಪು ಬಟ್ಟೆಯ ಮೈ, ಹತ್ತಿ ತುಂಬಿದ ಹೊಟ್ಟೆ, ಒಂದು ಕಾಲು ಇನ್ನೊಂದಕ್ಕಿಂತ ಚೂರು ಗಿಡ್ಡ. ಕಣ್ಣು ಮೂಗು ಬಾಯಿ ಯಾವುದೂ ಇಲ್ಲ. ಈಗಲೂ ನನ್ನ ಕಬ್ಬಿಣದ ಕಪಾಟಿನಲ್ಲಿ, ಉಡದೆ ಬಿಟ್ಟ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿದ್ದಾಳೆ. ಬಂದವರು ಯಾರಾದರೂ ಕಂಡರೆ ಈ ಮುದುಕಿ ಮಾಟ ಕಲಿತಿದ್ದಾಳೆ ಎಂದಾರು ಎಂಬ ಹೆದರಿಕೆಯಿಂದ ಹೊರಗೆ ಇಡುವುದಿಲ್ಲ. ಅವಳನ್ನು ಹೊಲಿದದ್ದು ಸೌದಿ ಅರೇಬಿಯಾದಲ್ಲಿ. ಕಥೆಯ ಪ್ರಕಾರ ಅವಳು ಹುಟ್ಟಿದ್ದು ಆಫ್ರಿಕಾದ ಹಬಶಿ ದೇಶದಲ್ಲಿ, ಮಾರಾಟವಾದದ್ದು ಭಟ್ಕಳದಲ್ಲಿ. ಆ ಕಥೆ ಕಟ್ಟಿದವಳು ನಾನೇ.

ಎಂಬತ್ತರ ದಶಕದ ಮಾತು. ನಾವಾಗ ಅಲ್ ಅಹ್ಸಾದಲ್ಲಿದ್ದೆವು. ಸೌದಿಯೆಂದರೆ ಬರೀ ಮರಳು ಎಂದುಕೊಂಡು ವಿಮಾನ ಇಳಿದಿದ್ದ ನನಗೆ ಅಲ್ಲಿಯ ಖರ್ಜೂರದ ತೋಟಗಳನ್ನು ಕಂಡು ಸಮಾಧಾನವೇನೋ ಆಗಿತ್ತು. ಆದರೆ ತೋಟ ನೋಡಿಕೊಂಡು ಎಷ್ಟು ದಿನ ಇರುವುದು? ನನ್ನ ಗಂಡನಿಗೆ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಹಗಲು ಅವರು ನಿದ್ದೆ, ನಾನು ಅಲ್ಲಿಯ ಭಾರತೀಯ ಶಾಲೆಯಲ್ಲಿ ಪಾಠ. ಸಂಜೆ ಒಂದು ಗಳಿಗೆ ಗಂಡಹೆಂಡಿರು ಒಬ್ಬರಿಗೊಬ್ಬರು ಮುಖ ತೋರಿಸಿಕೊಂಡು ಚಹಾ ಕುಡಿಯುತ್ತಿದ್ದೆವು. ನಮಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಗಡಿಯಾರ ಓಡಿದ್ದು ನನಗೆ ನೆನಪಿಲ್ಲ, ಏರ್‌ಕಂಡಿಷನರ್ ಓಡಿದ್ದು ಮಾತ್ರ ನೆನಪಿದೆ.

ಶುಕ್ರವಾರ ವಾರದ ರಜೆ. ಆ ದಿನವಾದರೂ ಕಾಲು ಚಾಚಿ ಮಲಗೋಣ ಎಂದರೆ, ನಮ್ಮ ಕಡೆಯ ತಾಯಂದಿರು ಬಂದು ಬೆನ್ನು ಹತ್ತಿದರು. ರಜೆಯಲ್ಲಿ ಊರಿಗೆ ಹೋದರೆ ಮಕ್ಕಳು ಅಜ್ಜಿಯ ಹತ್ತಿರ ಇಂಗ್ಲಿಷಿನಲ್ಲಿ ನೀರು ಕೇಳುತ್ತವೆ, ಅಜ್ಜಿ ಅಳುತ್ತಾಳೆ, ಒಂದಿಷ್ಟು ಕನ್ನಡ ಕಲಿಸಿ ಟೀಚರೇ ಎಂದು. ಇಲ್ಲ ಎನ್ನಲು ನನಗೆ ಬರುತ್ತಿರಲಿಲ್ಲ. ಹೀಗೆ ಪ್ರತಿ ಶುಕ್ರವಾರ ಬೆಳಿಗ್ಗೆ, ಗಂಡಸರು ಜುಮ್ಮಾ ನಮಾಜಿಗೆ ಹೊರಡುವ ಮೊದಲು, ನಮ್ಮ ಪುಟ್ಟ ಪಡಸಾಲೆಯ ಜಮಖಾನದ ಮೇಲೆ ಕನ್ನಡ ಶಾಲೆ ಕೂತಿತು. ಮಕ್ಕಳು ಕೆಲವರು. ಅವರಲ್ಲಿ ಮೂವರ ಧ್ವನಿ ನನ್ನ ಕಿವಿಯಲ್ಲಿ ಇನ್ನೂ ಇದೆ: ಉಳ್ಳಾಲದ ಕಡೆಯ ನಸೀಮಾ, ಉಡುಪಿಯ ರೋಶನ್, ಮತ್ತು ಪ್ರಶ್ನೆ ಕೇಳಲಿಕ್ಕೆಂದೇ ಹುಟ್ಟಿದ್ದ ಇಮ್ತಿಯಾಝ್.

ಗುಲಾಮಗಿರಿಯ ಪಾಠ ಹೇಳಬೇಕೆಂದು ನಾನೇನೂ ಹೊರಟಿರಲಿಲ್ಲ. ಅ, ಆ ಮುಗಿಸಿ ಕಾಗುಣಿತದಲ್ಲಿ ತೆವಳುತ್ತಿದ್ದವಳು ನಾನು. ತಪ್ಪೆಲ್ಲ ಶಾಲೆಯ ಚರಿತ್ರೆ ಪುಸ್ತಕದ್ದು. ಅದರಲ್ಲಿ ದಿಲ್ಲಿಯ ಗುಲಾಮಿ ಸಂತತಿ ಎಂದು ಒಂದು ಪಾಠವಿತ್ತು. ರೋಶನ್ ಅದನ್ನು ಓದಿ ತನ್ನದೇ ಒಂದು ತೀರ್ಮಾನಕ್ಕೆ ಬಂದಿದ್ದ. ಗುಲಾಮ ಎಂದರೆ ಸುಲ್ತಾನನ ಕೆಲಸಕ್ಕೆ ತರಬೇತಿಯಲ್ಲಿರುವವನು, ಕೆಲವು ವರ್ಷದ ನಂತರ ಪ್ರಮೋಷನ್ ಖಂಡಿತ. ‘ಮಿಸ್, ನನ್ನ ಡ್ಯಾಡಿ ಎಷ್ಟು ವರ್ಷದಿಂದ ಅಸಿಸ್ಟೆಂಟೇ. ಅವ್ರು ಯಾಕೆ ಗುಲಾಮ ಆಗಿ ಸೇರ್ಲಿಲ್ಲ?’ ಎಂದು ಅವನು ನಿಜವಾದ ಚಿಂತೆಯಿಂದ ಕೇಳಿದ. ಉಳಿದ ಮಕ್ಕಳೂ ತಮ್ಮ ತಮ್ಮ ಅಪ್ಪಂದಿರ ಭವಿಷ್ಯ ಯೋಚಿಸತೊಡಗಿದವು. ಇದನ್ನು ಹೀಗೇ ಬಿಟ್ಟರೆ ನಾಳೆ ಈ ಮಕ್ಕಳು ಗುಲಾಮಗಿರಿಗೆ ಅರ್ಜಿ ಹಾಕಿಯಾವು ಎನ್ನಿಸಿತು. ಒಂದು ಕಥೆ ಹೇಳಿ ಸರಿಪಡಿಸೋಣ ಎಂದುಕೊಂಡೆ.

ಕಥೆ ಎಲ್ಲಿ ನಡೆಯಬೇಕು? ನಾವಿದ್ದ ದೇಶದಲ್ಲೇ ಆ ಪದ್ಧತಿ ನಿಂತು ಬಹಳ ಕಾಲವಾಗಿರಲಿಲ್ಲ, ಅದನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಬೀದಿಯಲ್ಲೇ ಇದ್ದಿರಬಹುದು. ಅವರು ಆ ವಿಷಯ ಎತ್ತುತ್ತಿರಲಿಲ್ಲ, ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವ ನಾವು ಎತ್ತುವ ಹಾಗೂ ಇರಲಿಲ್ಲ. ಹಾಗಾಗಿ ಕಥೆಯನ್ನು ಸಮುದ್ರಕ್ಕೆ ಇಳಿಸಿದೆ. ಹಿಂದೆ ಈ ಕಡೆಯಿಂದ ನಮ್ಮ ಕರಾವಳಿಗೆ ಹಡಗಿನಲ್ಲಿ ಕುದುರೆ ಬರುತ್ತಿದ್ದವು, ಆಫ್ರಿಕಾದ ದಡದಿಂದ ಮನುಷ್ಯರನ್ನೂ ತಂದು ಮಾರುತ್ತಿದ್ದರು, ಅವರಲ್ಲಿ ತಪ್ಪಿಸಿಕೊಂಡವರು ಕಾಡು ಸೇರಿದರು, ಯಲ್ಲಾಪುರದ ಕಡೆ ಇವತ್ತಿಗೂ ಅವರ ವಂಶದವರಿದ್ದಾರೆ. ನನಗೆ ಗೊತ್ತಿದ್ದ ಚರಿತ್ರೆ ಇಷ್ಟೆ. ಉಳಿದದ್ದನ್ನು ಮೇಷ್ಟ್ರಮ್ಮನ ಧೈರ್ಯದಿಂದ ಕಟ್ಟಿದೆ. ಅಲ್ಲಿ ತಪ್ಪು ಹಿಡಿಯಲು ಗ್ರಂಥಾಲಯವಿರಲಿಲ್ಲ.

ಬರೀ ಬಾಯಿಮಾತಿನ ಕಥೆಗೆ ಆ ಮಕ್ಕಳು ಕೂರುವುದಿಲ್ಲ, ವಿಡಿಯೋ ನೋಡಿ ಬೆಳೆದವು. ಅದಕ್ಕೆ ಗೊಂಬೆ. ನಸೀಮಾಳ ತಾಯಿ ಜುಬೇದಾ ಮನೆಯಲ್ಲೇ ಕೂತು ಅಬಾಯ, ಅಂದರೆ ಹೆಂಗಸರ ಕಪ್ಪು ಮೇಲಂಗಿ, ಹೊಲಿಯುತ್ತಿದ್ದಳು. ತುಂಡು ಬಟ್ಟೆ ಕೇಳಲು ಹೋದರೆ ಒಂದು ಚೀಲ ತುಂಬ ಕೊಟ್ಟು, ಬಾಗಿಲವರೆಗೆ ಬಂದು ಸಣ್ಣ ದನಿಯಲ್ಲಿ ಹೇಳಿದಳು: ‘ಗೊಂಬೆ ಮಾಡಿ ಟೀಚರೇ, ಅಡ್ಡಿಯಿಲ್ಲ. ಮುಖ ಮಾತ್ರ ಬರೀಬೇಡಿ. ಮುಖ ಬರ್ದವರ ಹತ್ರ ನಾಳೆ ಪರಲೋಕದಲ್ಲಿ ಅದಕ್ಕೆ ಜೀವ ಕೊಡು ಅಂತ ಕೇಳ್ತಾರಂತೆ. ಕೊಡ್ಲಿಕ್ಕೆ ನಮ್ಮಿಂದ ಆಗ್ತದಾ?’ ನನ್ನ ಒಂದು ಜೀವವನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವುದೇ ನನಗೆ ಕಷ್ಟವಾಗಿತ್ತು. ಒಪ್ಪಿಕೊಂಡು ಬಂದೆ.

ಹೀಗೆ ಮುಖವಿಲ್ಲದ ಹುಡುಗಿ ಹುಟ್ಟಿದಳು. ಗಂಡನ ಹಳೆಯ ಅಂಗಿಯಿಂದ ಭಟ್ಕಳದ ವ್ಯಾಪಾರಿ, ನನ್ನದೊಂದು ರವಿಕೆಯಿಂದ ಅವನ ಹೆಂಡತಿ. ಕಂದು ಕಂಬಳಿಯ ಚೂರಿನಿಂದ ಕುದುರೆ. ನಾನು ಮಾಡಿದ್ದರಲ್ಲಿ ಚೆಂದ ಬಂದದ್ದು ಕುದುರೆಯೊಂದೇ, ಹಾಗಾಗಿ ಮಕ್ಕಳಿಗೆಲ್ಲ ಕುದುರೆಯೇ ಬೇಕು. ಅದಕ್ಕಾಗಿ ಜಗಳ, ಎಳೆದಾಟ, ಬಾಲ ಕಿತ್ತು ಬಂದು ಮತ್ತೆ ಹೊಲಿಗೆ. ಹುಡುಗಿಯನ್ನು ಹಿಡಿಯಲು ಯಾರೂ ಇಲ್ಲ. ಅವಳಿಗೆ ಒಂದು ಹೆಸರಿಡಿ ಎಂದರೆ ಕುದುರೆಯ ಬಾಲ ಹಿಡಿದುಕೊಂಡೇ ಬೆಳ್ಳಿ ಎಂದು ಇಟ್ಟುಬಿಟ್ಟರು. ಕಪ್ಪು ಗೊಂಬೆಗೆ ಬೆಳ್ಳಿ ಎಂದರೆ ಊರಿನವರು ನಗುತ್ತಾರೆ ಎನ್ನುವುದು ಪಾಪ ಅವಕ್ಕೆ ಗೊತ್ತಿರಲಿಲ್ಲ. ಹಡಗಿನಲ್ಲಿ ಕುದುರೆಗೆ ದಿನಾ ನೀರು, ಖರ್ಜೂರ, ಮೈಯುಜ್ಜಲು ಆಳು, ಬೆಳ್ಳಿಗೆ ಕುದುರೆ ಬಿಟ್ಟ ನೀರು ಎಂದು ನಾನು ಹೇಳಿದ ದಿನ ಜಗಳ ಒಂದಿಷ್ಟು ತಣ್ಣಗಾಯಿತು. ನಸೀಮಾ ಕೈಚಾಚಿ ಬೆಳ್ಳಿಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಯಾರಿಗೂ ಕೊಡಲಿಲ್ಲ.

ಇಮ್ತಿಯಾಝ್‌ನ ಪ್ರಶ್ನೆಗಳು ಬೇರೆ. ಬೆಳ್ಳಿಗೆ ಇಕಾಮಾ ಉಂಟಾ, ಅವಳಿಗೆ ಜಾಮೀನು ನಿಂತ ಕಫೀಲ್ ಯಾರು, ಎರಡು ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಕೊಡುತ್ತಾನಾ? ಕಫೀಲ್ ಅಲ್ಲ ಮಾರಾಯ, ಯಜಮಾನ ಎಂದೆ. ಯಜಮಾನ ಎಂದರೆ ಅವಳನ್ನು ಕೊಂಡವನು, ಅವಳ ಮೈ ಅವನದು, ಅವಳ ಸಮಯ ಅವನದು, ಬೇಕಾದರೆ ಹೊಡೆಯಬಹುದು, ಮಾರಬಹುದು, ಯಾರೂ ಕೇಳುವವರಿಲ್ಲ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು, ನನಗೂ ಪಾಠ ಮುಟ್ಟಿತೆಂದು ಹೆಮ್ಮೆ. ಅಷ್ಟರಲ್ಲಿ ಯಾರೋ ಕುದುರೆಯನ್ನು ಎತ್ತಿ ಹಾಕಿದರು. ನಾನು ರೂಢಿಯಂತೆ ಗದರಿಸಿದೆ: ‘ಶ್, ಗಲಾಟೆ ಬೇಡ. ಒಳಗೆ ನಮ್ಮ ಯಜಮಾನರು ಮಲಗಿದ್ದಾರೆ.’

ಮಕ್ಕಳೆಲ್ಲ ಮಲಗುವ ಕೋಣೆಯ ಬಾಗಿಲನ್ನೇ ನೋಡತೊಡಗಿದವು. ಗ್ರಹಚಾರಕ್ಕೆ ಅದೇ ಹೊತ್ತಿಗೆ ಬಾಗಿಲು ತೆರೆದು, ಲುಂಗಿ ಎತ್ತಿ ಕಟ್ಟಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನನ್ನ ಗಂಡ ಹೊರಬಂದರು. ರೋಶನ್ ಹಿಂದೆ ಸರಿದು ಗೋಡೆಗೆ ಅಂಟಿದ. ಇಮ್ತಿಯಾಝ್ ಮಾತ್ರ ಧೈರ್ಯ ಮಾಡಿ ಕೇಳಿದ: ‘ಅಂಕಲ್, ಮಿಸ್‌ನ ನೀವು ಭಟ್ಕಳದಲ್ಲಿ ತಗೊಂಡದ್ದಾ?’ ಅವರು ಬ್ರಷ್ ತೆಗೆದು, ‘ಇಲ್ಲ, ಕುಂದಾಪುರದಲ್ಲಿ’ ಎಂದು ಹೇಳಿ ಬಚ್ಚಲಿಗೆ ಹೋದರು. ನನ್ನ ಪಾಠಕ್ಕೆ ಎಂಥ ಉಪಕಾರ. ಅವತ್ತಿನಿಂದ ನಾನು ಅವರನ್ನು ಹೆಸರು ಹಿಡಿದು ಸುಂದರ ಎಂದೇ ಕರೆಯುತ್ತೇನೆ.

ಅವರು ತಮಾಷೆಗೆ ಹೇಳಿದ್ದರೂ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಬೆಳೆದದ್ದು ಕುಂದಾಪುರದಲ್ಲಿ, ಟೀಚರಮ್ಮ ಎಂದು ಇಡೀ ಪೇಟೆ ಕರೆಯುತ್ತಿದ್ದ ಕನ್ನಡ ಶಾಲೆಯ ಹೆಡ್‌ಮಿಸ್ಟ್ರೆಸ್ ಒಬ್ಬರ ಮನೆಯಲ್ಲಿ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಾಯಿ ತೀರಿಕೊಂಡ ಮೇಲೆ ಟೀಚರಮ್ಮ ನನ್ನನ್ನು ಕೈಹಿಡಿದು ಕರೆತಂದರು. ಅವರ ಮನೆಯ ಒಳಗೆ ನಾನು ಹೋದದ್ದು ಹಿತ್ತಿಲ ಬಾಗಿಲಿಂದ. ಕೊನೆಯವರೆಗೂ ಅದೇ ಬಾಗಿಲು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಕ್ಕಿಮುಡಿಗಳ ಜೊತೆ ನಿದ್ದೆ. ಬೆಳಿಗ್ಗೆ ಒಲೆ ಹಚ್ಚುವುದು ನಾನು, ಎಲ್ಲರೂ ಉಂಡ ಮೇಲೆ ಉಣ್ಣುವುದು ನಾನು. ಯಾರಾದರೂ ಬಂದರೆ ಟೀಚರಮ್ಮ ನನ್ನ ತಲೆ ಸವರಿ, ‘ಇವಳು ನಮ್ಮ ಸಾಕಿದ ಹುಡುಗಿ, ಮಗಳ ಹಾಗೆ’ ಎನ್ನುತ್ತಿದ್ದರು. ಅವರ ಇಬ್ಬರು ಗಂಡುಮಕ್ಕಳ ತಲೆ ಸವರಿ ಮಗನ ಹಾಗೆ ಎಂದದ್ದು ಮಾತ್ರ ನಾನು ಕೇಳಿಲ್ಲ.

ಹೀಗೆಂದ ಮಾತ್ರಕ್ಕೆ ನನ್ನ ಬಾಳನ್ನು ಬೆಳ್ಳಿಯ ಬಾಳಿನ ಪಕ್ಕದಲ್ಲಿಟ್ಟು ಅಳಲು ಹೊರಟೆ ಎಂದುಕೊಳ್ಳಬೇಡಿ. ನನ್ನನ್ನು ಯಾರೂ ಕೊಳ್ಳಲಿಲ್ಲ, ಸರಪಳಿ ತೊಡಿಸಲಿಲ್ಲ. ಟೀಚರಮ್ಮ ಒಲೆಯ ಬೂದಿಯಲ್ಲಿ ಬೆರಳಿಟ್ಟು ನನಗೆ ಅಕ್ಷರ ಕಲಿಸಿದರು. ಶಾಲೆಗೆ ಕಳಿಸಿದರು, ಟೀಚರ್ ಟ್ರೈನಿಂಗ್ ಮಾಡಿಸಿದರು, ಮದುವೆಯನ್ನೂ ಮಾಡಿದರು. ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿದ್ದು ಅವರ ಕೈಯೇ. ನನಗೆ ಅವರ ಮೇಲೆ ಪ್ರೀತಿ ಇತ್ತು, ಅದೇ ದೊಡ್ಡ ತೊಂದರೆ. ಪ್ರೀತಿ ಇಲ್ಲದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು.

ಈಗ ಕಥೆಗೆ ಬರುತ್ತೇನೆ. ಬೆಳ್ಳಿ ಭಟ್ಕಳಕ್ಕೆ ಬಂದಳು, ವ್ಯಾಪಾರಿಯ ಮನೆ ಸೇರಿದಳು. ಮಕ್ಕಳಿಗೆ ಓದಲೆಂದು ನಾನು ಪ್ರತಿ ವಾರ ಕಥೆಯ ಒಂದು ತುಂಡನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಆ ವಾರದ ತುಂಡಿನಲ್ಲಿ ಹೀಗೆ ಬರೆದಿದ್ದೆ: ‘ಆ ಮನೆಯವರು ಬೆಳ್ಳಿಯನ್ನು ಮಗಳ ಹಾಗೆ ಸಾಕಿದರು.’ ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕೊಂಡರು ಎಂದು ಬರೆಯಬೇಕಾಗಿದ್ದಲ್ಲಿ ಕೈ ತಾನಾಗಿ ಹಾಗೆ ಬರೆದಿತ್ತು. ಓದಿ ಅರ್ಥ ಹೇಳು ಎಂದು ನಸೀಮಾಳನ್ನು ಎಬ್ಬಿಸಿದೆ. ಅವಳು ಕಷ್ಟಪಟ್ಟು ಓದಿ, ಬಹಳ ಹೊತ್ತು ಯೋಚಿಸಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು: ಆ ಮನೆಯವರು ಅವಳಿಗೆ ಎನಫ್ ಅಂತ ಹೇಳಿದ್ರು, ಲೈಕ್ ಎ ಡಾಟರ್.

ಮಕ್ಕಳು ನಗಲಿಲ್ಲ, ಅವಕ್ಕೆ ಅದೇ ಸರಿ ಕಂಡಿತ್ತು. ಸಾಕು ಎಂದರೆ ಎನಫ್ ಅಲ್ಲವೇ? ಊಟಕ್ಕೆ ಕೂತಾಗ ಅಜ್ಜಿ ಹೇಳಿಕೊಟ್ಟ ಮೊದಲ ಕನ್ನಡವೇ ಅದು. ನಕ್ಕದ್ದು ನಾನೊಬ್ಬಳೇ. ಸಾಕು ಎಂಬುದಕ್ಕೆ ಎರಡು ಅರ್ಥ ಉಂಟು, ಇನ್ನು ಬೇಡ ಎಂಬುದೊಂದು, ಅನ್ನ ಹಾಕಿ ಬೆಳೆಸು ಎಂಬುದೊಂದು ಎಂದು ವಿವರಿಸಿದೆ. ಬೇಗ ತಿಳಿಯಲಿ ಎಂದು, ಪಾಠದಲ್ಲಿ ಸಾಕುಪ್ರಾಣಿ ಬಂದಿದೆಯಲ್ಲ, ದನ, ಬೆಕ್ಕು, ಕೋಳಿ, ಅದೇ ಸಾಕು ಎಂದೆ. ನಸೀಮಾಳ ಮುಖ ಸಣ್ಣಗಾಯಿತು. ಬೆಳ್ಳಿಯನ್ನು ಮಡಿಲಿಗೆ ಒತ್ತಿಕೊಂಡು, ‘ಹಾಗಾದ್ರೆ ಬೆಳ್ಳಿ ಅವರ ಪೆಟ್ಟಾ?’ ಎಂದಳು. ಅಲ್ಲ, ಮನುಷ್ಯರನ್ನೂ ಸಾಕುತ್ತಾರೆ ಎಂದೆ. ‘ನನ್ನನ್ನು ಉಮ್ಮ ಸಾಕಿದ್ದಾ?’ ಎಂದು ಕೇಳಿದಳು.

‘ಸಾಕುತ್ತಾಳೆ. ಆದರೆ ಹಾಗಂತ ಹೇಳುವುದಿಲ್ಲ’ ಎಂದೆ.

ಇದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಹೆತ್ತವರೂ ಸಾಕುತ್ತಾರೆ, ಆದರೆ ಹೇಳಿ ತೋರಿಸುವುದಿಲ್ಲ. ಮಕ್ಕಳು ಹೋದ ಮೇಲೆ ಗೋಡೆಯ ಮೇಲಿನ ಆ ವಾಕ್ಯವನ್ನು ನೋಡುತ್ತ ಸುಮ್ಮನೆ ಕೂತೆ. ಕುಕ್ಕರ್ ಕೂಗಿ ಕೂಗಿ ಸುಸ್ತಾಗಿ ನಿಂತಿತು, ನಾನು ಏಳಲಿಲ್ಲ.

ಅದಾದ ಕೆಲವೇ ದಿನಕ್ಕೆ ಊರಿಂದ ರಜೆ ಮುಗಿಸಿ ಬಂದವರೊಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಆ ಕಾಲದಲ್ಲಿ ಬರೆಯಲು ಬೇಸರವಾದವರು, ಕಣ್ಣು ಕಾಣದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ನಾವು ಇಲ್ಲಿ ಟೂ-ಇನ್-ಒನ್‌ಗೆ ಹಾಕಿ ಕೇಳುವುದು, ಮಗುವಿನ ಅಳು, ಕಾಗೆಯ ಕೂಗು, ಬಾವಿಯ ಗಡಗಡೆ ಎಲ್ಲ ಕೇಳಿ ಕಣ್ಣೊರೆಸಿಕೊಳ್ಳುವುದು. ಸಂಜೆ ಚಹಾದ ಹೊತ್ತಿಗೆ ಹಾಕಿದೆವು. ಯಾವುದೋ ಹಾಡಿನ ತುದಿ ಎರಡು ಕ್ಷಣ ಕೇಳಿ ಕಡಿಯಿತು, ಟೀಚರಮ್ಮನ ಕೆಮ್ಮು ಬಂತು. ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದಿದೆ. ಸೊಸೆ ಬ್ಯಾಂಕಿಗೆ ಹೋಗುತ್ತಾಳೆ, ಅವಳಿಗೆ ರಜೆ ಇಲ್ಲ. ಸಂಬಳದ ಹೆಂಗಸರನ್ನು ಇಟ್ಟರೆ ಕೈ ಸರಿ ಇರುವುದಿಲ್ಲ. ಆದ್ದರಿಂದ ನಾನು ಕೆಲಸ ಬಿಟ್ಟು ಬರಬೇಕು, ಅವರು ಇರುವಷ್ಟು ದಿನ. ಶಾಲೆಗೆ ಬೇರೆ ಟೀಚರ್ ಸಿಗುತ್ತಾರೆ, ಸುಂದರ ಅಡುಗೆ ಮಾಡಿಕೊಳ್ಳಲಿ, ಅಲ್ಲಿ ಗಂಡಸರೆಲ್ಲ ಮಾಡಿಕೊಳ್ಳುವುದಿಲ್ಲವೇ? ‘ನಿಂಗ್ ಎಂತ ಮಕ್ಕಳಾ ಮರಿಯಾ, ಬಪ್ಪುಕೆ ಎಂತ ಅಡ್ಡಿ?’ ಎಂದರು. ಕೊನೆಗೆ, ‘ಸಣ್ಣದ್ರಿಂದ ನಿನ್ನ ಸಾಕಿದ್ದ್ ನಾನ್. ಈಗ ನನ್ನ ಕಾಂಬುದ್ ಯಾರ್ ಮಗಾ?’

ಮಕ್ಕಳಾ ಮರಿಯಾ ಎಂಬ ಮಾತಿಗೆ ನನಗೆ ಸಿಟ್ಟು ಬಂತು. ಮಗಾ ಎಂದದ್ದಕ್ಕೆ ಅಳು ಬಂತು. ಅತ್ತ ದರಿ, ಇತ್ತ ಪುಲಿ. ಹೋದರೆ ವಾಪಸಾಗುವುದು ಯಾವಾಗ ಎಂದು ಗೊತ್ತಿಲ್ಲ, ಶಾಲೆಯ ಕೆಲಸ ಹೋಗುವುದು ಗೊತ್ತು. ಆ ಅಕ್ಕಿಮುಡಿಯ ಕೋಣೆ ಈಗಲೂ ನನಗಾಗಿ ಖಾಲಿ ಇದ್ದೀತು. ಹೋಗದಿದ್ದರೆ ಉಂಡ ಮನೆಯ ಉಪ್ಪು ಮರೆತವಳು ಎಂದು ಇಡೀ ಕುಂದಾಪುರ ಹೇಳುತ್ತದೆ, ಮೊದಲು ಹೇಳುವವಳು ನಾನೇ.

ಸುಂದರನಿಗೆ ಇದು ಸಮಸ್ಯೆಯೇ ಅಲ್ಲ. ‘ಕಫೀಲ್ ಬಿಡುದಿಲ್ಲ ಅಂತ ಹೇಳು’ ಎಂದರು. ಕೊಲ್ಲಿಗೆ ಹೋದವರೆಲ್ಲರ ಬ್ರಹ್ಮಾಸ್ತ್ರ ಅದು. ಇಲ್ಲಿ ದುಡಿಯಲು ಬಂದವರ ಜಾಮೀನುದಾರನಾದ ಕಫೀಲ್ ಸಹಿ ಹಾಕದೆ ದೇಶ ಬಿಡುವ ಹಾಗಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಅದರಿಂದ ಬೇಡದ ಮದುವೆ, ಬೇಡದ ಬಾಣಂತನ, ಅಣ್ಣತಮ್ಮಂದಿರ ಪಾಲು ಪಟ್ಟಿ, ಎಲ್ಲಕ್ಕೂ ಅವನೇ ಅಡ್ಡ. ಸುಂದರನ ಕಫೀಲ್ ನೋಡಿದರೆ ಮೃದು ಮನಸ್ಸಿನ ಮುದುಕ. ಕೇಳಿದರೆ ಅದೇ ದಿನ ಸಹಿ ಹಾಕಿ, ದಾರಿಗೆ ಖರ್ಜೂರದ ಡಬ್ಬಿಯನ್ನೂ ಕೊಡುತ್ತಿದ್ದ. ಒಬ್ಬ ಯಜಮಾನನ ಬೆನ್ನ ಹಿಂದೆ ಅಡಗಿ ಇನ್ನೊಬ್ಬರಿಂದ ತಪ್ಪಿಸಿಕೊಳ್ಳುವುದು ನನಗೆ ಯಾಕೋ ಒಗ್ಗಲಿಲ್ಲ. ಹೋಗಬೇಕೋ ಬೇಡವೋ ಆಮೇಲೆ, ಉತ್ತರವಾದರೂ ನನ್ನದಾಗಿರಬೇಕು ಎನ್ನಿಸಿತು. ಆದರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ.

ಮುಂದಿನ ಶುಕ್ರವಾರ ಬೆಳ್ಳಿಯ ಕಥೆಗೆ ಒಂದು ತಿರುವು ಕೊಟ್ಟೆ. ಬೆಳ್ಳಿ ಕಾಡಿಗೆ ಓಡಿದ್ದಾಳೆ, ತನ್ನವರ ಜೊತೆ ಗುಡಿಸಲು ಕಟ್ಟಿದ್ದಾಳೆ. ಆಗ ವ್ಯಾಪಾರಿಯ ಹೆಂಡತಿಗೆ ಕಾಯಿಲೆ. ಅವಳು ಹೇಳಿ ಕಳಿಸುತ್ತಾಳೆ: ನಿನ್ನನ್ನು ಸಾಕಿದ್ದು ನಾನು, ಬಂದು ನನ್ನ ಸೇವೆ ಮಾಡು. ಬೆಳ್ಳಿ ಏನು ಹೇಳಬೇಕು? ಕಥೆ ಎಲ್ಲಿಂದ ಬಂತು ಎಂದು ಮಕ್ಕಳಿಗೇನು ಗೊತ್ತು? ರೋಶನ್, ಅವಳು ಕುದುರೆ ಹತ್ತಿ ಇನ್ನೂ ದೂರ ಹೋಗಲಿ ಎಂದ. ಇಮ್ತಿಯಾಝ್ ನನ್ನ ಗಂಡನ ಶಿಷ್ಯನೇ ಸರಿ, ಕಫೀಲ್ ಸೈನ್ ಮಾಡಿಲ್ಲ ಅಂತ ಹೇಳಲಿ ಎಂದ. ನಸೀಮಾಳಿಗೆ ಬೇರೆ ಕಷ್ಟ. ‘ಅವಳಿಗೆ ಬಾಯೇ ಇಲ್ಲ ಅಲ್ವಾ ಮಿಸ್, ಹೇಗೆ ಹೇಳ್ತಾಳೆ?’ ಎಂದಳು. ನೀನು ಅವಳ ಬಾಯಿ ಆಗು ಎಂದೆ.

ಅವಳು ಬೆಳ್ಳಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಹಿಂದಿನ ವಾರ ಕಲಿತ ಎರಡು ಅರ್ಥ ಅವಳ ತಲೆಯಲ್ಲಿ ಓಡುತ್ತಿದ್ದವೇನೋ. ಕಪ್ಪು ಗೊಂಬೆಯ ಹಿಂದಿನಿಂದ ನಿಧಾನವಾಗಿ ಒಂದು ವಾಕ್ಯ ಬಂತು: ‘ನೀವು ನನ್ನನ್ನು ಸಾಕಿದ್ದು ಸಾಕು.’

ಹೇಳಿ ಗೊಂಬೆ ಇಳಿಸಿ ಕಣ್ಣರಳಿಸಿ ನೋಡಿದಳು. ಒಂದೇ ವಾಕ್ಯದಲ್ಲಿ ಎರಡೂ ಅರ್ಥ ತಂದೆ, ವೆರಿ ಗುಡ್ ಬೇಕು ಎಂಬ ನೋಟ ಅದು. ವೆರಿ ಗುಡ್ ಹೇಳಿದೆ. ಪಾಠ ಬೇಗ ಮುಗಿಸಿದೆ.

ಮಧ್ಯಾಹ್ನ ಸುಂದರ ಎಚ್ಚರವಾಗುವ ಮೊದಲು ಅದೇ ಕ್ಯಾಸೆಟ್ಟಿನ ಹಿಂಬದಿಯಲ್ಲಿ ನಾನು ಮಾತಾಡಿದೆ. ಏರ್‌ಕಂಡಿಷನರ್ ಸದ್ದು ಬರಬಾರದೆಂದು ಆರಿಸಿ, ಬೆವರು ಸುರಿಸಿಕೊಂಡು, ಯಂತ್ರಕ್ಕೆ ಬಾಯಿ ಹತ್ತಿರ ಹಿಡಿದು. ಸೊಂಟ ಹೇಗಿದೆ, ಎಣ್ಣೆ ನೀವಿಸಿಕೊಳ್ಳಿ, ಖರ್ಜೂರ ಕಳಿಸುತ್ತಿದ್ದೇನೆ, ಬೀಜ ತೆಗೆದು ತಿನ್ನಿ, ಶಾಲೆಯ ರಜೆಯಲ್ಲಿ ಬರುತ್ತೇನೆ, ರಜೆ ಮುಗಿದ ಮೇಲೆ ಹೊರಡುತ್ತೇನೆ. ಕೊನೆಗೆ ನಸೀಮಾಳ ವಾಕ್ಯ. ‘ಟೀಚರಮ್ಮ, ನೀವು ನನ್ನನ್ನು ಸಾಕಿದ್ದು ಸಾಕು.’ ಗುಂಡಿ ಒತ್ತಿ ನಿಲ್ಲಿಸಿದೆ. ಒಂದು ವಾಕ್ಯಕ್ಕೆ ಹೊಲದ ಕೆಲಸ ಮಾಡಿದಷ್ಟು ಸುಸ್ತಾಗಿತ್ತು. ತಿರುಗಿಸಿ ಕೇಳಿದರೆ ಅಳಿಸಿಬಿಡುತ್ತೇನೆಂದು ಕೇಳದೆಯೇ ಕಟ್ಟಿ, ಊರಿಗೆ ಹೊರಟವರ ಕೈಗೆ ಕೊಟ್ಟೆ.

ಉತ್ತರ ಬರಲಿಲ್ಲ. ಇನ್ನು ಆ ಮನೆಯ ಬಾಗಿಲು ಮುಚ್ಚಿತು ಎಂದುಕೊಂಡೆ. ಮನಸ್ಸು ಹಗುರವಾಗುತ್ತದೆ ಎಂದು ಕಾದೆ, ಆಗಲಿಲ್ಲ. ರಜೆ ಬಂತು. ಹೆದರುತ್ತಲೇ ಕುಂದಾಪುರಕ್ಕೆ ಹೋದೆ, ಹಿತ್ತಿಲ ಬಾಗಿಲಿಂದಲೇ ಒಳಗೆ ಬಂದೆ. ಸಂಬಳಕ್ಕಿಟ್ಟ ಹೆಂಗಸೊಬ್ಬಳು ಗಂಜಿ ಬಸಿಯುತ್ತಿದ್ದಳು, ಕೈ ಸರಿಯಾಗಿಯೇ ಇತ್ತು. ಹೊರಗಿನ ಕೋಣೆಯಲ್ಲಿ ಟೀಚರಮ್ಮ ಮಂಚದ ಮೇಲೆ, ಸುತ್ತ ನೆರೆಮನೆಯ ಹೆಂಗಸರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. ‘ಬಂದ್ಳ್ ಕಾಣಿ ನನ್ನ ಹುಡುಗಿ’ ಎಂದು ತಲೆದಿಂಬಿನ ಹತ್ತಿರವಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಎಷ್ಟು ಸಲ ಒತ್ತಿ ಅಭ್ಯಾಸವೋ, ಸರಿಯಾಗಿ ಆ ವಾಕ್ಯಕ್ಕೇ ಬಂದು ನಿಂತಿತ್ತು. ನನ್ನ ದನಿ ಕೇಳಿತು: ನೀವು ನನ್ನನ್ನು ಸಾಕಿದ್ದು ಸಾಕು.

‘ಕೇಳಿದ್ರ್ಯಾ?’ ಎಂದರು ಟೀಚರಮ್ಮ ಹೆಂಗಸರಿಗೆ. ‘ನಿಮ್ಮಿಂದ ಬೇರೆ ಎಂತದೂ ಬೇಡ, ನೀವ್ ಸಾಕಿದ್ದೇ ನಂಗೆ ಸಾಕ್ ಅಂತ ಹೇಳ್ತಾಳೆ. ಹೆತ್ತ ಮಕ್ಕಳ್ ಹೇಳುಕುಂಟಾ ಇಂಥ ಮಾತ್?’ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬರು ನನ್ನ ಕೈ ಹಿಡಿದು, ಇಂಥ ಮಗಳು ಸಿಗಲು ಪುಣ್ಯ ಬೇಕು ಎಂದರು. ನಾನು ಕಂಬದ ಹಾಗೆ ನಿಂತಿದ್ದೆ. ನನ್ನ ಬದುಕಿನಲ್ಲಿ ನಾನಾಗಿ ಆಡಿದ ಒಂದೇ ಒಂದು ‘ಇಲ್ಲ’ ಆ ಊರಿನಲ್ಲಿ ಕೃತಜ್ಞತೆಯಾಗಿ ಮನೆಮಾತಾಗಿತ್ತು. ಕಾಫಿ ಮಾಡಿ ತರುತ್ತೇನೆ ಎಂದು ಒಳಗೆ ಹೋದೆ.

ಕಾಫಿ ಕುಡಿದು ಹೆಂಗಸರು ಹೊರಟರು. ಟೀಚರಮ್ಮನಿಗೆ ನಾನೇ ಲೋಟ ಹಿಡಿದು ಕುಡಿಸಿದೆ. ಮೂವತ್ತು ವರ್ಷ ಕನ್ನಡ ಕಲಿಸಿದ ಹೆಂಗಸು ಇವರು. ಸಂದರ್ಭ ನೋಡಿ ಅರ್ಥ ಮಾಡಬೇಕು, ಬರೀ ಶಬ್ದ ನೋಡಿದರೆ ಸೊನ್ನೆ ಎಂದು ನನ್ನ ಬೆರಳಿಗೆ ಅಡಿಕೋಲಿನಿಂದ ಹೊಡೆದು ಹೇಳಿಕೊಟ್ಟವರು. ಇವರಿಗೆ ತಿಳಿಯಲಿಲ್ಲವೇ? ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಅರ್ಧ ಲೋಟ ಮುಗಿದಿತ್ತು. ಏನಾದರೂ ಕೇಳಬೇಕಲ್ಲ ಎಂದು, ‘ಸಾಕಾ?’ ಎಂದೆ.

‘ನಂಗೆ ಯಾವತ್ತೂ ಸಾಕಾತಿಲ್ಲ ಮಗಾ’ ಎಂದರು. ಕಣ್ಣು ಕೆಳಗಿಳಿಸಲಿಲ್ಲ. ‘ನಿಂಗೆ ಸಾಕಾಯ್ತಲ್ಲ. ಅಷ್ಟ್ ಸಾಕ್.’

ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಲೋಟ ತೊಳೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವತ್ತು ಮೊದಲ ಸಲ ಮುಂದಿನ ಬಾಗಿಲಿಂದ ಹೊರಗೆ ಬಂದೆ. ಅಂಗಳದಲ್ಲಿ ಕೂತು ಅತ್ತೆ. ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಅವರು ಇರಲಿಲ್ಲ.

ಮೊಮ್ಮಗಳಿಗೆ ಇಷ್ಟೆಲ್ಲ ಎಲ್ಲಿ ಹೇಳಲಿ, ಅದೂ ಮದುವೆಯ ಪಂಕ್ತಿಯಲ್ಲಿ, ಕೈಯಿಂದ ಪಾಯಸ ಸೋರುತ್ತಿರುವಾಗ? ನನಗೆ ಬಾಯಿ ಇದೆ ಮಗು. ಆದರೆ ಆ ಶಬ್ದವನ್ನು ನಾನು ಒಬ್ಬರಿಗೆ ಹೇಳಿದ್ದೇನೆ, ಅವರು ಅದನ್ನು ತಿಳಿದು ತೆಗೆದುಕೊಂಡಿದ್ದಾರೆ. ಇನ್ನು ಅದನ್ನು ಪಾಯಸಕ್ಕೆ ಖರ್ಚು ಮಾಡಲು ಮನಸ್ಸು ಬರುವುದಿಲ್ಲ.